ಒಳಗೆ ಒಣಹಾಕಿದ ಅಂಗಿ

ಮಾರ್ಚ್ 4

ಬೆಳಿಗ್ಗೆ ಹತ್ತಕ್ಕೆ ಅವರು ಊರೊಳಗೆ ಬಂದರು. ಒಂದು ಗುಂಡೂ ಹಾರಲಿಲ್ಲ. ಪೊಲೀಸರು ಮೊದಲೇ ಜಾಗ ಖಾಲಿ ಮಾಡಿದ್ದಾರೆ. ನನಗೆ ಹೇಗೆ ಗೊತ್ತೆಂದರೆ, ಒಗೆಯಲು ಕೊಟ್ಟಿದ್ದ ಹನ್ನೊಂದು ಜೊತೆ ಸಮವಸ್ತ್ರ ತೆಗೆದುಕೊಂಡು ಹೋಗಲು ನಿನ್ನೆಯಿಂದ ಯಾರೂ ಬಂದಿಲ್ಲ. ಇಸ್ತ್ರಿ ಮಾಡಿ ಮಡಿಸಿಟ್ಟಿದ್ದವನ್ನು ಈಗ ಒಲೆಗೆ ಹಾಕಬೇಕು.

ಅವರು ತಮ್ಮನ್ನು ನಿರ್ಮಲರು ಎಂದು ಕರೆದುಕೊಳ್ಳುತ್ತಾರೆ. ರಾಜಧಾನಿಯ ಸರ್ಕಾರ ಇನ್ನು ನಮಗಿಲ್ಲ, ದೇವರೊಬ್ಬನೇ ದೊರೆ, ಅವನ ಮಾತು ಕೇಳಿಸುವುದು ತಮ್ಮ ಹಿರಿಯರಿಗೆ ಮಾತ್ರ ಎಂದು ಮೈಕಿನಲ್ಲಿ ಕೂಗಿದರು. ಎಲ್ಲರ ಮೈಮೇಲೂ ಬಿಳಿ ಬಟ್ಟೆ. ಮೂರು ದಿನ ಗುಡ್ಡ ಇಳಿದು ಬಂದವರ ಬಟ್ಟೆ ಅಷ್ಟು ಬೆಳ್ಳಗಿರಲು ಸಾಧ್ಯವೇ ಇಲ್ಲ. ಊರ ಹೊರಗೆ ಎಲ್ಲೋ ಬದಲಾಯಿಸಿಕೊಂಡಿದ್ದಾರೆ. ಇಪ್ಪತ್ತೆರಡು ವರ್ಷ ಲಾಂಡ್ರಿ ನಡೆಸಿದವಳ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ನನ್ನ ತಮ್ಮ ಬಾಗಿಲಲ್ಲಿ ನಿಂತು ಬಾಯಿಬಿಟ್ಟುಕೊಂಡು ನೋಡುತ್ತಿದ್ದ. ತೋಳು ಹಿಡಿದು ಒಳಗೆಳೆದೆ.

"ಅಕ್ಕಾ, ನನಗೆ ಇಪ್ಪತ್ತಾರು. ಆರಲ್ಲ" ಎಂದು ನಕ್ಕ.

ಅವನಿಗೆ ಆರಿದ್ದಾಗ ಅಮ್ಮ ಹೋದಳು. ಅವತ್ತಿನಿಂದ ಅವನು ನನಗೆ ತಮ್ಮನೂ ಹೌದು, ಮಗನೂ ಹೌದು. ಯಾರು ಬೇಕಾದರೂ ಆಳಲಿ, ಅವನ ಕೂದಲು ಕೊಂಕಬಾರದು. ನನಗೆ ಬೇಕಾದದ್ದು ಅಷ್ಟೇ.

ಮಾರ್ಚ್ 19

ಹೊಸ ಅಪ್ಪಣೆ: ದೊಡ್ಡವರೆಲ್ಲ ಬಿಳಿ ಬಟ್ಟೆಯನ್ನೇ ತೊಡಬೇಕು, ಕಲೆ ಕಾಣಬಾರದು. ಊರಿಗೆ ಊರೇ ನನ್ನ ಅಂಗಡಿಗೆ ನುಗ್ಗಿದೆ. ಬ್ಲೀಚಿನ ವಾಸನೆಗೆ ನಮ್ಮ ಬೀದಿಯ ಬೆಕ್ಕುಗಳು ಕೂಡ ಸೀನುತ್ತಿವೆ.

ಸಂಜೆ ಪಕ್ಕದ ಮನೆಯ ಕತ್ತರಿ ಬಂದಿದ್ದಳು. ಅವಳು ಹೊಲಿಗೆಯವಳು. ಅವಳ ಕೈಯಲ್ಲಿರುವುದಕ್ಕಿಂತ ಬಾಯಲ್ಲಿರುವ ಕತ್ತರಿ ಹರಿತ, ಅದಕ್ಕೇ ಆ ಹೆಸರು. ನನ್ನನ್ನು ಅವಳು ಸೋಪು ಎನ್ನುತ್ತಾಳೆ. ಅವಳ ಗಂಡ ಸತ್ತು ಹದಿನೈದು ವರ್ಷ; ನನಗೆ ಗಂಡನೇ ಇಲ್ಲ. ನಾವಿಬ್ಬರೂ ಚಹಾ ಕುಡಿಯದ ಸಂಜೆ ವರ್ಷಕ್ಕೆ ಹತ್ತೂ ಇರಲಾರದು.

"ನೋಡೇ ಸೋಪು, ಇವರು ಬಂದಿದ್ದು ನಿನ್ನ ಉದ್ಧಾರ ಮಾಡೋಕೇ. ನನಗೆ ಮಾತ್ರ ಬಣ್ಣದ ದಾರ ಎಲ್ಲಾ ದಂಡ ಆಯ್ತು" ಎಂದಳು.

"ಆ ಕೆಂಪು ದಾರ ನನಗೆ ಕೊಡು" ಎಂದೆ. ಗಿರಾಕಿಗಳ ಬಟ್ಟೆಗೆ ನಾನು ಕಾಲರಿನೊಳಗೆ ಶಾಯಿಯಲ್ಲಿ ನಂಬರು ಹಾಕುತ್ತೇನೆ. ನಮ್ಮ ಮನೆಯ ಬಟ್ಟೆಗೆ ಮಾತ್ರ ಕೆಂಪು ದಾರದ ಒಂದು ಗಂಟು. ಆ ಗಂಟು ಹಾಕುವುದನ್ನು ಕಲಿಸಿದ್ದು ಅವಳೇ.

ಏಪ್ರಿಲ್ 5 (ಅವರ ಪ್ರಕಾರ ಎರಡನೇ ತಿಂಗಳು, 3)

ಅವರು ಊರಿಗೆ ಬಂದ ದಿನವೇ ಕಾಲದ ಮೊದಲನೇ ದಿನವಂತೆ. ಹಳೆಯ ತಿಂಗಳುಗಳ ಹೆಸರು ಬರೆಯುವಂತಿಲ್ಲ. ನಾನು ಎರಡನ್ನೂ ಬರೆಯುತ್ತೇನೆ. ಗಂಜಿಪುಡಿಯ ಡಬ್ಬದೊಳಗೆ ಇರುವ ಪುಸ್ತಕವನ್ನು ಯಾರು ನೋಡುತ್ತಾರೆ?

ಇವತ್ತು ಇನ್ನೂ ದೊಡ್ಡ ತಮಾಷೆ. ಊರಿನ ಪ್ರತಿಯೊಬ್ಬರಿಗೂ ಒಂದು ಜೋಡಿ ಗೊತ್ತುಮಾಡಿದ್ದಾರೆ. ವಾರಕ್ಕೊಮ್ಮೆ ಹೋಗಿ ನಮ್ಮ ಜೋಡಿ ಆ ವಾರ ಮಾಡಿದ ತಪ್ಪನ್ನು ಹೇಳಬೇಕು. ನಮ್ಮ ತಪ್ಪನ್ನು ನಾವೇ ಹೇಳಿಕೊಂಡರೆ ಅದು ಲೆಕ್ಕಕ್ಕಿಲ್ಲ. ಮನುಷ್ಯ ತನ್ನ ಬೆನ್ನನ್ನು ತಾನೇ ನೋಡಲಾರ ಎಂದು ಹಿರಿಯರು ಹೇಳಿದ್ದಾರಂತೆ. ಮೂರು ವಾರ ಏನೂ ಹೇಳದಿದ್ದರೆ ಮುಚ್ಚಿಟ್ಟ ಅಪರಾಧ, ಇಬ್ಬರೂ ಒಳಗೆ.

ನನಗೆ ಸಿಕ್ಕ ಜೋಡಿ ಕತ್ತರಿ. ಪಟ್ಟಿ ನೋಡಿ ಇಬ್ಬರೂ ಬೀದಿಯಲ್ಲೇ ಬಿದ್ದು ಬಿದ್ದು ನಕ್ಕೆವು.

ಏಪ್ರಿಲ್ 14 (ಎರಡನೇ ತಿಂಗಳು, 12)

ನಿನ್ನೆ ಚಹಾ ಕುಡಿಯುತ್ತಾ ತಪ್ಪುಗಳನ್ನು ಹಂಚಿಕೊಂಡೆವು.

"ಈ ವಾರ ನೀನು ಸೋಮಾರಿ, ನಾನು ಹೊಟ್ಟೆಬಾಕಿ" ಎಂದಳು ಕತ್ತರಿ.

"ಸೋಮಾರಿ ಅಂದ್ರೆ ಯಾರು ನಂಬ್ತಾರೆ? ನನ್ನ ಕೈ ನೋಡಿದ್ರೆ ಸಾಕು. ಸಿಟ್ಟು ಅಂತ ಬರೆಸು."

"ಸಿಟ್ಟು ನಿನ್ನ ತಪ್ಪಲ್ಲ ಕಣೇ, ಹುಟ್ಟುಗುಣ. ಅದನ್ನ ಮುಂದಿನ ವಾರಕ್ಕಿಟ್ಕೋ. ಈ ವಾರ ನಿದ್ದೆ."

ಇವತ್ತು ಹೋಗಿ ಹೇಳಿ ಬಂದೆ. ಹೇಳಿಸಿಕೊಳ್ಳುವವನನ್ನು ಆಲಿಸುವವ ಎನ್ನಬೇಕು. ಬಸ್ ಡಿಪೋದ ಆಫೀಸಿನಲ್ಲಿ ಕೂತಿದ್ದಾನೆ. ಹತ್ತಿರ ಹೋಗಿ ನೋಡಿದರೆ ಯಾರು? ನಮ್ಮ ಬೀದಿಗೆ ಬರುತ್ತಿದ್ದ ಬಸ್ಸಿನ ಕಂಡಕ್ಟರ್! ಈಗಲೂ ಹೆಬ್ಬೆರಳು ನೆಕ್ಕಿಯೇ ಪುಟ ತಿರುವುತ್ತಾನೆ. "ಮುಂದೆ ಹೋಗಿ, ಮುಂದೆ ಹೋಗಿ" ಎನ್ನುತ್ತಾನೇನೋ ಎಂದು ಕಾದೆ. ನಗು ತಡೆಯಲು ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಳ್ಳಬೇಕಾಯಿತು.

ಜೂನ್ 6 (ನಾಲ್ಕನೇ ತಿಂಗಳು, 5)

ತಮ್ಮನಿಗೆ ಕಾವಲು ಪಡೆಯಿಂದ ಕರೆ ಬಂದಿದೆ. ಮೂವತ್ತರೊಳಗಿನ ಗಂಡಸರೆಲ್ಲ ಹೋಗಲೇಬೇಕು. ಕಣಿವೆಯ ಆಚೆ ರಾಜಧಾನಿಯ ಸೈನ್ಯ ಇದೆಯಂತೆ.

ಕಂಡಕ್ಟರನ ಹತ್ತಿರ ಹೋಗಿ ಕೈ ಮುಗಿದೆ. ನಾಚಿಕೆಯಾಗಲಿಲ್ಲ. ಅವನು ಪುಸ್ತಕದಿಂದ ತಲೆ ಎತ್ತದೆ, "ಮುಸುಕಿನ ಬಟ್ಟೆ ಒಗೆಯೋಕೆ ಒಬ್ಬರು ಬೇಕಾಗಿತ್ತು. ನೀವು ಒಗೆದು ಕೊಟ್ಟರೆ ನಿಮ್ಮ ತಮ್ಮನನ್ನ ಗುಂಡು ಹಾರೋ ಜಾಗಕ್ಕೆ ಹಾಕದ ಹಾಗೆ ನೋಡ್ಕೊಳ್ತೀನಿ" ಎಂದ.

ಮುಸುಕಿನ ಬಟ್ಟೆ ಎಂದರೆ ಇದು: ಯಾರನ್ನಾದರೂ ಹಿಡಿದೊಯ್ಯುವಾಗ ತಲೆಯಿಂದ ಮೊಣಕಾಲಿನವರೆಗೆ ಬಿಳಿ ಬಟ್ಟೆ ಹೊದಿಸುತ್ತಾರೆ. ತಪ್ಪಿತಸ್ಥರ ಮುಖ ಊರಿಗೆ ಕಾಣಬಾರದಂತೆ. ಒಪ್ಪಿಕೊಂಡೆ. ಒಗೆಯದಿದ್ದರೆ ಹಿಡಿಯುವುದನ್ನು ಬಿಡುತ್ತಾರೆಯೇ? ಕೊಳೆ ಬಟ್ಟೆ ಹೊದಿಸುತ್ತಾರೆ, ಅಷ್ಟೇ.

ನಾಲ್ಕನೇ ತಿಂಗಳು, 9

ತಮ್ಮ ಹೋದ. ಅವರು ಕೊಟ್ಟ ಅಂಗಿಗೆ ಎದೆಯ ಮೇಲೆ ಎರಡು ಜೇಬು. ಪಡೆಯವರಿಗೆ ಮಾತ್ರ ಎರಡು ಜೇಬು. ಊರಿನವರಿಗೆ ಒಂದೂ ಇಲ್ಲ. ಬೆಳಿಗ್ಗೆ ಕಾಲರಿನೊಳಗೆ ಕೆಂಪು ಗಂಟು ಹಾಕಿಕೊಟ್ಟೆ.

"ಯುದ್ಧದಲ್ಲಿ ಅಂಗಿ ಅದಲುಬದಲಾಗುತ್ತೆ ಅಂತಾನಾ?" ಎಂದ.

"ನೀನು ಅದಲುಬದಲಾಗಬೇಡ" ಎಂದೆ. ಎಂದಿನಂತೆ ಬಲಗಾಲು ಸ್ವಲ್ಪ ಹೊರಕ್ಕೆ ಹಾಕುತ್ತಾ ಹೋಗಿ ಲಾರಿ ಹತ್ತಿದ. ಲಾರಿ ತಿರುವು ದಾಟುವವರೆಗೆ ನಿಂತಿದ್ದೆ. ಕತ್ತರಿ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಒಳಗೆ ಬಂದು ಇಬ್ಬರೂ ಅತ್ತೆವು.

ಐದನೇ ತಿಂಗಳು, 21 (ಜುಲೈ)

ಈ ವಾರ ಮೂವತ್ತೆಂಟು ಮುಸುಕು ಬಂದವು. ಹೋದ ತಿಂಗಳು ವಾರಕ್ಕೆ ಹತ್ತೋ ಹನ್ನೆರಡೋ ಬರುತ್ತಿದ್ದವು. ಕೆಲವುಗಳಲ್ಲಿ ಹಣೆಯ ಬೆವರಿನ ಗುರುತಿರುತ್ತದೆ, ಕೆಲವುಗಳಲ್ಲಿ ಕಚ್ಚಿದ ಗುರುತು. ಕಚ್ಚಿದ್ದನ್ನು ಬಿಸಿನೀರಿನಲ್ಲಿ ನೆನೆಸಬಾರದು, ಎಳೆ ಬಿಡುತ್ತದೆ.

ಹಿರಿಯರ ಆಳ್ವಿಕೆ ಈಗ ಏಳು ಊರುಗಳಿಗೆ ಹಬ್ಬಿದೆ ಎಂದು ಮೈಕಿನಲ್ಲಿ ಹೇಳಿದರು. ಬೀದಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲು ನಿಲ್ಲಿಸಿದವರು ಯಾರು ಎಂದು ಎಲ್ಲರೂ ಓರೆಗಣ್ಣಿನಲ್ಲಿ ನೋಡುತ್ತಿದ್ದರಿಂದ ತುಂಬಾ ಹೊತ್ತು ತಟ್ಟಬೇಕಾಯಿತು. ಹಾಲಿನಜ್ಜಿ ಕೈಯಲ್ಲಿ ಕ್ಯಾನು ಹಿಡಿದಿದ್ದವಳು ಅದನ್ನೇ ತಟ್ಟಿದಳು.

ತಮ್ಮನಿಂದ ಒಂದು ಸಾಲು ಬಂತು: ಚೆನ್ನಾಗಿದ್ದೇನೆ. ಅಕ್ಷರ ಅವನದೇ, ಮಾತು ಅವನದಲ್ಲ.

ಆರನೇ ತಿಂಗಳು, 9

ಊಟದ ಹೊತ್ತಿಗೆ ಆರು ಜನ ನುಗ್ಗಿದರು. ಹಾಸಿಗೆ ಹರಿದರು, ಬಾಯ್ಲರಿನ ಒಳಗೂ ಇಣುಕಿದರು. ನನ್ನ ತಮ್ಮ ಪಡೆಯಿಂದ ಓಡಿಹೋಗಿದ್ದಾನಂತೆ. ಓಡಿಹೋದವರು ಸಿಕ್ಕರೆ ಗೋಡೆಗೆ ನಿಲ್ಲಿಸುತ್ತಾರೆ.

ಅವರು ಹೋದ ಮೇಲೆ ಮೊದಲು ಖುಷಿಯಾಯಿತು. ಓಡಿದನಲ್ಲ! ನದಿ ದಾಟಿರುತ್ತಾನೆ. ಆಮೇಲೆ ಸಿಕ್ಕಿಬಿದ್ದರೆ ಎಂಬ ಹೆದರಿಕೆ; ಹರಿದ ಹಾಸಿಗೆಗೆ ಹತ್ತಿ ತುಂಬಿ ಹೊಲಿಯುತ್ತಾ ಕೂತೆ.

ಒಂದು ಮಾತು ಮನಸ್ಸಿಗೆ ಕಚ್ಚಿಕೊಂಡಿದೆ. ನುಗ್ಗಿದವರು ನೇರವಾಗಿ ಹಿತ್ತಲಿನ ಸಣ್ಣ ಕೋಣೆಗೆ ಹೋದರು. ಆ ಕೋಣೆ ಬೀದಿಗೆ ಕಾಣುವುದಿಲ್ಲ. ಅಲ್ಲೊಂದು ಕೋಣೆ ಇದೆ ಎಂದು ಅವರಿಗೆ ಹೇಳಿದವರು ಯಾರು? ನಮ್ಮ ಮನೆಯ ಮೂಲೆ ಮೂಲೆ ಗೊತ್ತಿರುವವಳು ಊರಿನಲ್ಲಿ ಒಬ್ಬಳೇ.

ಛೆ. ಹೆದರಿದ ತಲೆಯಲ್ಲಿ ಏನೇನೋ ಬರುತ್ತದೆ.

ಆರನೇ ತಿಂಗಳು, 17

ಕತ್ತರಿ ಬದಲಾಗಿದ್ದಾಳೆ. ಬೇಕೆಂದೇ ಹುಡುಕಿ ಬರೆಯುತ್ತಿಲ್ಲ, ಕಂಡದ್ದನ್ನು ಬರೆಯುತ್ತಿದ್ದೇನೆ.

ಚಹಾಕ್ಕೆ ಬರುತ್ತಾಳೆ, ಆದರೆ ಲೋಟ ಮುಗಿಯುವ ಮೊದಲೇ ಎದ್ದು ನಿಲ್ಲುತ್ತಾಳೆ. ತಮ್ಮನ ಮಾತು ತೆಗೆದರೆ ಕಣ್ಣು ಕೆಳಗೆ ಹಾಕುತ್ತಾಳೆ. ಮೊನ್ನೆ ಅವಳ ಮನೆಯಲ್ಲಿ ಮೆಟ್ಟಿಲ ಹತ್ತಿರ ನಿಂತೆ; "ಮೇಲೆ ಇಲಿ ಕಾಟ, ಪಾಷಾಣ ಇಟ್ಟಿದ್ದೀನಿ, ಹತ್ತಬೇಡ" ಎಂದಳು. ಇಲಿಗೆ ಪಾಷಾಣವಿಟ್ಟವಳು ದಿನಾ ಎರಡು ಬ್ರೆಡ್ಡು ಕೊಳ್ಳುತ್ತಾಳೆ ಎಂದು ಹಾಲಿನಜ್ಜಿ ಹೇಳಿದಳು. ಒಂಟಿ ಹೆಂಗಸಿಗೆ ದಿನಕ್ಕೆ ಎರಡು ಬ್ರೆಡ್ಡು!

ಹೊಲಿಗೆಯಂತ್ರ ಹೊತ್ತಲ್ಲದ ಹೊತ್ತಿನಲ್ಲಿ ಓಡುತ್ತದೆ. ಕಿವಿಗೊಟ್ಟು ಕೇಳಿದೆ. ಬಟ್ಟೆ ಇಲ್ಲದೆ ಓಡುವ ಸದ್ದು ನನಗೆ ಗೊತ್ತು. ಏನನ್ನೋ ಮುಚ್ಚಲು ಓಡಿಸುತ್ತಾಳೆ. ಮಾತನ್ನು ಇರಬೇಕು.

ಆರನೇ ತಿಂಗಳು, 24

ಇವತ್ತು ಸಾಕ್ಷಿ ಸಿಕ್ಕಿತು.

ಸೂಜಿ ಕೇಳುವ ನೆಪ ಮಾಡಿಕೊಂಡು ಹೋದೆ. ಅಡುಗೆಮನೆಯ ಒಳಹಗ್ಗದ ಮೇಲೆ ಒದ್ದೆ ಹೊದಿಕೆ ನೇತುಹಾಕಿದ್ದಳು. ಹೊರಗೆ ಒಳ್ಳೆಯ ಬಿಸಿಲು. ಬಿಸಿಲಿರುವಾಗ ಒಳಗೆ ಯಾರು ಒಣಹಾಕುತ್ತಾರೆ? ನೀರು ಅಂಚಿನಿಂದ ತೊಟ್ಟಿಕ್ಕಬೇಕಾದದ್ದು ನಡುವಿನಿಂದ ತೊಟ್ಟಿಕ್ಕುತ್ತಿತ್ತು. ಹೊದಿಕೆಯ ಒಳಗೆ ಇನ್ನೊಂದು ಬಟ್ಟೆ ಇದೆ. ಒದ್ದೆ ಹತ್ತಿ ಮೈಗೆ ಅಂಟಿದಂತೆ ಅಂಟಿಕೊಂಡು ಒಳಗಿನದು ಎದ್ದು ಕಾಣುತ್ತಿತ್ತು: ಕಾಲರು, ಭುಜ, ಎದೆಯ ಮೇಲೆ ಎರಡು ಜೇಬು.

ಎರಡು ಜೇಬು! ಪಡೆಯವನ ಅಂಗಿ. ನನ್ನ ತಮ್ಮನನ್ನು ಬೇಟೆಯಾಡುವವರಲ್ಲೊಬ್ಬ ಅವಳ ಮನೆಗೆ ಬರುತ್ತಾನೆ, ತಿನ್ನುತ್ತಾನೆ, ಅವಳು ಅವನ ಅಂಗಿ ಒಗೆದುಕೊಡುತ್ತಾಳೆ. ಮೇಲೆ ಇಲಿಯಂತೆ, ಇಲಿ!

ಅವಳು ಬಂದು ನನಗೂ ಹಗ್ಗಕ್ಕೂ ನಡುವೆ ನಿಂತಳು. "ಏನು ನೋಡ್ತಿದ್ದೀಯ?"

"ಏನಿಲ್ಲ. ಹಿಂಡಿದ್ದು ಸಾಲದು" ಎಂದೆ.

ಸೂಜಿ ತೆಗೆದುಕೊಂಡು ಬರುವುದನ್ನೇ ಮರೆತೆ.

ಏಳನೇ ತಿಂಗಳು, 1

ಎಂದಿನಂತೆ ತಪ್ಪು ಹೇಳಲು ಹೋಗಿದ್ದೆ. ಕತ್ತರಿಯದು ಈ ವಾರ ಮರೆವು ಎಂದು ಹೇಳಿದೆ. ಆಲಿಸುವವರು ಬರೆದುಕೊಂಡು, ಪುಸ್ತಕ ಮುಚ್ಚಿ, ಕನಿಕರದಿಂದ ನನ್ನ ಮುಖ ನೋಡಿದರು.

"ನೀವು ತುಂಬಾ ಒಳ್ಳೆಯವರು. ನಿಮ್ಮ ಜೋಡಿ ಅಷ್ಟು ಒಳ್ಳೆಯವಳಲ್ಲ."

"ಅವಳೇನು ಹೇಳಿದ್ದಾಳೆ?"

"ಅದನ್ನ ಹೇಳೋ ಹಾಗಿಲ್ಲಮ್ಮ. ನೀವು ಹೇಳೋದಕ್ಕಿಂತ ಅವಳು ಹೆಚ್ಚು ಹೇಳ್ತಾಳೆ, ಅಷ್ಟೇ. ನಾನಾಗಿದ್ದಕ್ಕೆ ತಡೆದಿಟ್ಟಿದ್ದೀನಿ."

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಇಪ್ಪತ್ತು ವರ್ಷ ನನ್ನ ಲೋಟದಲ್ಲಿ ಚಹಾ ಕುಡಿದವಳು!

ಏಳನೇ ತಿಂಗಳು, 8

ಹೇಳಿಬಿಟ್ಟೆ.

ದೊಡ್ಡದೇನೂ ಹೇಳಲಿಲ್ಲ. ಅವಳ ಮನೆಯಲ್ಲಿ ಎರಡು ಜೇಬಿನ ಅಂಗಿ ಒಣಗುತ್ತದೆ, ಹೊದಿಕೆಯ ಒಳಗೆ ಬಚ್ಚಿಟ್ಟು ಒಣಗಿಸುತ್ತಾಳೆ ಎಂದೆ. ಅಷ್ಟೇ. ಕಂಡದ್ದನ್ನು ಕಂಡ ಹಾಗೆ. ಪಡೆಯವನೊಬ್ಬ ವಿಧವೆಯ ಮನೆಗೆ ಹೋಗುವುದು ಅವರ ಕಟ್ಟಳೆಗೆ ವಿರುದ್ಧ. ಅವನಿಗೆ ಛೀಮಾರಿ, ಅವಳಿಗೆ ಒಂದು ವಾರ ಯಾರೊಂದಿಗೂ ಮಾತಾಡದ ಮೌನದ ಶಿಕ್ಷೆ. ಸ್ವಲ್ಪ ಬಿಸಿ ತಾಗಲಿ.

ಆಲಿಸುವವರ ಹೆಬ್ಬೆರಳು ಅರ್ಧದಲ್ಲೇ ನಿಂತಿತು. "ಎರಡು ಜೇಬು. ಖಂಡಿತಾನಾ?"

"ಬಟ್ಟೆ ವಿಷಯದಲ್ಲಿ ನಾನು ತಪ್ಪೋದಿಲ್ಲ" ಎಂದೆ.

ಬಿಸಿನೀರಿನಲ್ಲಿ ಕಾಲು ಇಳಿಬಿಟ್ಟು ಕೂತೆ. ಎಷ್ಟೋ ದಿನಗಳ ಮೇಲೆ ಮೈ ಹಗುರಾಗಿದೆ.

ಏಳನೇ ತಿಂಗಳು, 9

ಬೆಳಿಗ್ಗೆ ಎಂಟಕ್ಕೆ ಬಂದರು. ಹದಿನಾಲ್ಕು ಜನ. ಒಂದು ಅಂಗಿಗೆ ಹದಿನಾಲ್ಕು ಜನ ಯಾಕೆ?

ಮೊದಲು ಕತ್ತರಿಯನ್ನು ಕರೆತಂದರು. ಮುಸುಕು ಹಾಕಿದ್ದರೂ ಅವಳೆಂದು ಗೊತ್ತಾಯಿತು; ಒಳಗಿನಿಂದ ಬೈಯುತ್ತಲೇ ಇದ್ದಳು. ಆಮೇಲೆ ಒಬ್ಬ ಗಂಡಸು. ಎತ್ತರ. ಬರಿಗಾಲು. ಬಲಗಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನಡೆಯುತ್ತಿದ್ದ.

ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಯಾರಾದರೂ ಹಾಗೆಯೇ ನಡೆಯುತ್ತಾರೆ.

ಅವನಿಗೆ ಹೊದಿಸಿದ್ದು ನಾನು ಮೊನ್ನೆ ಇಸ್ತ್ರಿ ಮಾಡಿದ ಮುಸುಕು. ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ನಮ್ಮ ಬಾಗಿಲ ಮುಂದೆ ಬಂದಾಗ ಅವನು ಒಂದು ಕ್ಷಣ ನಿಂತ. ದೂಡಿದರು, ಹೋದ.

ಏಳನೇ ತಿಂಗಳು, 10

ಒಗೆದೆ. ಒಣಹಾಕಿದೆ.

ಎಂಟನೇ ತಿಂಗಳು, 4

ಹಾಲಿನಜ್ಜಿ ಜ್ವರದಲ್ಲಿ ತೀರಿಕೊಂಡಳು. ಈಗ ಹಾಲಿಗೆ ಸಾಲು ನಿಲ್ಲಬೇಕು.

ನನಗೆ ಹೊಸ ಜೋಡಿ ಕೊಟ್ಟಿದ್ದಾರೆ, ಮೂಲೆ ಅಂಗಡಿಯ ಚಪ್ಪಲಿ ರಿಪೇರಿಯವನ ಹೆಂಡತಿ. ಮೊದಲ ದಿನವೇ "ಅಕ್ಕಾ, ಏನು ಹೇಳೋಣ ಅಂತ ಮಾತಾಡ್ಕೊಳ್ಳೋಣವಾ?" ಎಂದಳು. ಹಾಗೆಲ್ಲ ಮಾಡುವಂತಿಲ್ಲ ಎಂದೆ. ಮುಖ ಸಪ್ಪೆ ಮಾಡಿಕೊಂಡು ಹೋದಳು. ಮಾತಾಡಿಕೊಳ್ಳೋಣ ಎಂದದ್ದನ್ನೇ ಆ ವಾರದ ತಪ್ಪೆಂದು ಬರೆಸಿದೆ. ಹುಡುಕುವ ಕೆಲಸ ತಪ್ಪಿತು.

ಪೂರ್ವದ ಎರಡು ಊರುಗಳನ್ನು ನಮ್ಮವರು ಬಿಟ್ಟುಕೊಟ್ಟರಂತೆ. ಮೈಕಿನಲ್ಲಿ ಅದನ್ನು ಪರೀಕ್ಷೆ ಎಂದರು.

ಎಂಟನೇ ತಿಂಗಳು, 19

ಹಿಡಿದವರ ಮನೆಗಳಿಂದ ತಂದ ಬಟ್ಟೆಗಳ ಗಂಟು ಬಂತು. ಒಗೆದು ಬಡವರಿಗೆ ಹಂಚುತ್ತಾರೆ. ಬೇರೆ ಬೇರೆ ಮಾಡಲು ಕೂತೆ.

ಎರಡು ಜೇಬಿನ ಅಂಗಿಯೊಂದಿತ್ತು. ನಂಬರಿದೆಯೇ ಎಂದು ಕಾಲರು ತಿರುವಿದೆ.

ಕೆಂಪು ಗಂಟು.

ಎಂಟನೇ ತಿಂಗಳು, 20

ಯೋಚಿಸಿ ನೋಡಿದರೆ ಅದರಲ್ಲಿ ವಿಶೇಷವೇನಿಲ್ಲ. ಆ ಗಂಟು ಹಾಕಲು ನನಗೆ ಕಲಿಸಿದ್ದೇ ಕತ್ತರಿ. ಅವಳು ಯಾವ ಅಂಗಿಗೆ ಬೇಕಾದರೂ ಹಾಕಿರಬಹುದು. ಕೆಂಪು ದಾರ ಅವಳದೇ. ಅಥವಾ ತಮ್ಮ ನದಿ ದಾಟುವಾಗ ದಂಡೆಯಲ್ಲಿ ಕಳಚಿ ಬಿಸಾಡಿರುತ್ತಾನೆ, ಯಾರೋ ತಂದು ರಿಪೇರಿಗೆ ಕೊಟ್ಟಿರುತ್ತಾರೆ. ಅವಳ ಹತ್ತಿರ ರಿಪೇರಿಗೆ ಏನೆಲ್ಲ ಬರುತ್ತದೆ.

ಅಥವಾ ಬೇಕೆಂದೇ ಇಟ್ಟಿದ್ದಾಳೆ, ನನ್ನನ್ನು ಸಿಕ್ಕಿಸಲು. ಹೌದು, ಅದೇ ಸರಿಯಾಗಿ ಕೂಡುತ್ತದೆ.

ಅಂಗಿಯನ್ನು ಗಂಟಿಗೆ ಹಾಕಲಿಲ್ಲ. ಮನೆಯಲ್ಲಿಟ್ಟುಕೊಂಡಿದ್ದೇನೆ. ತೋಳಿನಲ್ಲಿ ಬಾಣಲೆ ಎಣ್ಣೆಯ ಸಣ್ಣ ಕಲೆಯಿದೆ. ಅವನಿಗೆ ಅಡುಗೆಯ ಹತ್ತಿರ ನಿಂತು ಮಾತಾಡುವ ಚಟ. ಅಂಥ ಚಟ ಯಾರಿಗಿರುವುದಿಲ್ಲ?

ಹತ್ತನೇ ತಿಂಗಳು, 16

ಹೋಗುತ್ತಿದ್ದಾರೆ.

ಬೆಳಿಗ್ಗೆಯಿಂದ ಲಾರಿಗಳು. ಮೈಕು ಮೂಕ. ಹಿರಿಯರು ಯಾವ ಲಾರಿಯಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ; ಹಾಗೆ ನೋಡಿದರೆ ಅವರನ್ನು ಊರಿನಲ್ಲಿ ಯಾರೂ ಕಂಡೇ ಇಲ್ಲ. ಜೈಲಿನಲ್ಲಿದ್ದವರನ್ನೂ ಲಾರಿಗೆ ಹತ್ತಿಸಿದರು, ದಾರಿಯಲ್ಲಿ ಸೈನ್ಯ ಗುಂಡು ಹಾರಿಸದಿರಲಿ ಎಂದು. ಎಲ್ಲರಿಗೂ ಮುಸುಕು. ಎಲ್ಲವೂ ನಾನು ಒಗೆದದ್ದೇ. ಬೀದಿಯಲ್ಲಿ ನಿಂತು ಪ್ರತಿಯೊಂದು ಲಾರಿಯಲ್ಲೂ ಕಾಲುಗಳನ್ನು ನೋಡಿದೆ. ಲಾರಿಯ ಪಕ್ಕೆ ಎತ್ತರ, ಕಾಲು ಕಾಣಲಿಲ್ಲ.

ಕಂಡಕ್ಟರ್ ಅಂಗಡಿಗೆ ಓಡಿ ಬಂದ. "ಬಣ್ಣದ ಅಂಗಿ ಇದೆಯಾ? ಯಾವುದಾದ್ರೂ ಕೊಡು" ಎಂದ. ಬಿಳಿ ಬಿಟ್ಟು ಬೇರೇನೂ ಇಲ್ಲ ಎಂದೆ. ಅದು ನಿಜ.

ಡಿಸೆಂಬರ್ 15

ಹತ್ತನೇ ತಿಂಗಳು, 17 ಎಂದು ಬರೆದು ಹೊಡೆದುಹಾಕಿದೆ. ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಸೈನ್ಯ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಮೊದಲು ನಿಲ್ಲಿಸಲಿಲ್ಲ.

ಜನವರಿ 8

ಕತ್ತರಿ ಬಂದಿದ್ದಾಳೆ.

ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು. "ಸೋಪು" ಎಂದಾಗಲೇ ಗುರುತಾದದ್ದು. ತಲೆಯೆಲ್ಲ ಬೆಳ್ಳಗೆ. ಕೂರಿಸಿ ಚಹಾ ಕೊಟ್ಟೆ. ಲೋಟವನ್ನು ತಡವಿ ಹಿಡಿದುಕೊಂಡಳು. ಕತ್ತಲಲ್ಲಿ ಕೂಡಿಹಾಕಿದ್ದಕ್ಕೆ ಕಣ್ಣು ಮಂಜಾಗಿದೆಯಂತೆ.

"ಹೇಗೆ ಹೇಳಲಿ ಕಣೇ ನಿನಗೆ" ಎಂದಳು. ಹೇಳಿದಳು.

"ನಿನ್ನ ತಮ್ಮ ನನ್ನ ಅಟ್ಟದ ಮೇಲಿದ್ದ. ಇಪ್ಪತ್ತೊಂಬತ್ತು ದಿನ. ನಿನ್ನ ಮನೆ ಮೊದಲು ಜಾಲಾಡ್ತಾರೆ ಅಂತ ನೇರ ನನ್ನ ಹತ್ರ ಬಂದ. ನಿನಗೆ ಹೇಳ್ತೀನಿ ಅಂದೆ. ಬೇಡ ಅಂತ ಕಾಲು ಹಿಡ್ಕೊಂಡ. 'ಅಕ್ಕನಿಗೆ ಸುಳ್ಳು ಹೇಳೋಕೆ ಬರಲ್ಲ, ಕಿವಿ ಕೆಂಪಾಗುತ್ತೆ. ಆ ಕಂಡಕ್ಟರ್ ಒಂದು ಪ್ರಶ್ನೆ ಕೇಳಿದ್ರೆ ಸಾಕು, ಮೊದಲು ಅವಳು ಹೋಗ್ತಾಳೆ' ಅಂದ. ನೀನು ಬಂದಾಗೆಲ್ಲ ಮೆಟ್ಟಿಲ ಮೇಲೆ ಕೂತು ನಿನ್ನ ದನಿ ಕೇಳ್ತಿದ್ದ."

"ಈಗ ಎಲ್ಲಿದ್ದಾನೆ?" ಎಂದೆ. ನನಗೆ ಗೊತ್ತಿತ್ತು.

"ಸೇತುವೆ ಹತ್ರ ಲಾರಿ ನಿಲ್ಲಿಸಿ ಗಂಡಸರನ್ನ ಇಳಿಸಿದ್ರು. ನಮ್ಮನ್ನ ಮುಂದೆ ಕರ್ಕೊಂಡು ಹೋದ್ರು. ಹಿಂದೆ ಸದ್ದು ಕೇಳಿಸ್ತು."

ಅವಳು ನನ್ನನ್ನು ಅಪ್ಪಿಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಬಾಯ್ಲರಿನ ನೀರು ಕುದಿದು ಚೆಲ್ಲುತ್ತಿತ್ತು, ಎದ್ದು ಹೋಗಿ ಆರಿಸಿದೆ. ನನ್ನ ತಮ್ಮ. ನನ್ನ ಮಗು. ನಮ್ಮ ಬಾಗಿಲ ಮುಂದೆ ನಿಂತಿದ್ದ, ಒಂದು ಕ್ಷಣ. ನಾನು ಕಿಟಕಿಯಲ್ಲಿದ್ದೆ.

ಫೆಬ್ರವರಿ 3

ಡಿಪೋದಲ್ಲಿದ್ದ ಪುಸ್ತಕಗಳನ್ನು ಜನರಿಗೆ ತೆರೆದಿದ್ದಾರೆ. ತಂತಮ್ಮ ಬಗ್ಗೆ ಯಾರು ಏನು ಹೇಳಿದ್ದರು ಎಂದು ಯಾರು ಬೇಕಾದರೂ ನೋಡಬಹುದು. ಓದಲಾಗದವರು ಜೊತೆಗೊಬ್ಬರನ್ನು ಕರೆತರಬಹುದು.

ಕತ್ತರಿ ನನ್ನನ್ನು ಕರೆದಳು. "ಅಂಗಿ ವಿಷಯ ಹೇಳಿದ್ದು ಯಾರು ಅಂತ ಗೊತ್ತಾಗಬೇಕು ನನಗೆ. ಗೊತ್ತಾಗದೆ ಊಟ ಇಳೀತಿಲ್ಲ. ನಿನ್ನ ಬಿಟ್ಟು ಇನ್ಯಾರನ್ನ ನಂಬಲಿ? ನೀನೇ ಓದು."

ತಲೆನೋವು ಎಂದು ಹೇಳಬಹುದಿತ್ತು. ಬೇರೆ ಯಾರಾದರೂ ಓದಿದರೆ? ಹೋದೆ.

ಉದ್ದನೆಯ ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ನಮ್ಮ ಜೋಡಿಗೆ ಒಂದೇ ಪುಸ್ತಕ, ಎಡಪುಟದಲ್ಲಿ ಅವಳು ನನ್ನ ಬಗ್ಗೆ ಹೇಳಿದ್ದು, ಬಲಪುಟದಲ್ಲಿ ನಾನು ಅವಳ ಬಗ್ಗೆ ಹೇಳಿದ್ದು. ಮೊದಲು ಎಡಪುಟಗಳ ಮೇಲೆ ಕಣ್ಣಾಡಿಸಿದೆ. ನಿದ್ದೆ. ಸಿಟ್ಟು. ಹೊಟ್ಟೆಬಾಕತನ. ಮತ್ತೆ ಸಿಟ್ಟು. ಮಾತಾಡಿಕೊಂಡದ್ದನ್ನು ಬಿಟ್ಟು ಒಂದಕ್ಷರ ಹೆಚ್ಚಿಲ್ಲ. ಏಳನೇ ತಿಂಗಳ ಮೊದಲ ವಾರ, ಕಂಡಕ್ಟರ್ ನನಗೆ ಹಾಗೆ ಹೇಳಿದ ವಾರ, ಅವಳು ಬರೆಸಿದ್ದು ಒಂದೇ ಸಾಲು: ತಮ್ಮನ ಚಿಂತೆಯಲ್ಲಿ ಸರಿಯಾಗಿ ಊಟ ಮಾಡುತ್ತಿಲ್ಲ.

ಬಲಗಡೆ ಕಂಡಕ್ಟರನ ದುಂಡು ಅಕ್ಷರ. ತುಂಬಾ ದೊಡ್ಡ ಅಕ್ಷರ. ಎರಡು ಜೇಬಿನ ಅಂಗಿ, ಒಳಹಗ್ಗ, ಹೊದಿಕೆಯ ಒಳಗೆ. ಹೇಳಿದವರು: ಜೋಡಿ.

"ಸಿಕ್ತಾ?" ಎಂದಳು.

"ಸಿಕ್ತು" ಎಂದೆ. ಓದಿದೆ. "ಎರಡು ಜೇಬಿನ ಅಂಗಿ ಒಳಗೆ ಒಣಗುತ್ತಿದೆ. ಹೇಳಿದವರು: ಹಾಲು ಮಾರುವ ಮುದುಕಿ."

ಸತ್ತವಳಿಗೆ ಏನು ನಷ್ಟ? ಮಕ್ಕಳು ಮರಿ ಯಾರೂ ಇಲ್ಲ. ಬ್ರೆಡ್ಡಿನ ಮಾತು ನನಗೆ ಹೇಳಿದ್ದೂ ಅವಳೇ ತಾನೆ, ಬೇರೆ ಯಾರಿಗೂ ಹೇಳಿರಲಿಲ್ಲ ಎಂದು ಹೇಗೆ ನಂಬುವುದು? ನನ್ನ ದನಿ ನಡುಗಲಿಲ್ಲ. ಕಿವಿ ಬಿಸಿಯಾಗಲಿಲ್ಲ, ಮುಟ್ಟಿ ನೋಡಿಕೊಂಡೆ.

ಕತ್ತರಿ ಬೆಂಚಿನ ಮೇಲೆ ನನ್ನತ್ತ ಇನ್ನಷ್ಟು ಸರಿದಳು. ಆಮೇಲೆ, "ಇನ್ನೊಂದು ಸಲ ಓದು. ನಿಧಾನಕ್ಕೆ. ಏನಿದೆಯೋ ಅದನ್ನೇ ಓದು" ಎಂದಳು.

ಇನ್ನೊಂದು ಸಲವೂ ಹಾಗೆಯೇ ಓದಿದೆ. ಒಂದಕ್ಷರ ತಪ್ಪಲಿಲ್ಲ.

"ಪಾಪ, ಹಾಲಿನಜ್ಜಿ" ಎಂದಳು. ಎದ್ದು ನನ್ನ ತೋಳು ಹಿಡಿದುಕೊಂಡಳು, ಮನೆಯವರೆಗೂ ಬಿಡಲಿಲ್ಲ.

ಫೆಬ್ರವರಿ 4

ಬೆಳಿಗ್ಗೆ ಅವಳಿಗೆ ಬ್ರೆಡ್ಡು ಕೊಡೋಣ ಎಂದು ಹೋದೆ. ಬಾಗಿಲು ತೆರೆದಿತ್ತು. ಅವಳು ಕಿಟಕಿಯ ಪಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ತೊಡೆಯ ಮೇಲೆ ಕಪ್ಪು ಬಟ್ಟೆ. ಬೆರಳಲ್ಲಿ ಅತಿ ಸಣ್ಣ ಸೂಜಿ. ಕಪ್ಪು ದಾರದ ತುದಿಯನ್ನು ನಾಲಗೆಗೆ ತಾಗಿಸಿ, ತೋಳು ಚಾಚಿಯೇ, ಒಂದೇ ಸಲಕ್ಕೆ ಪೋಣಿಸಿದಳು.

ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಆಮೇಲೆ ಬಟ್ಟೆಯ ಕಡೆ ತಿರುಗಿ ಹೊಲಿಯತೊಡಗಿದಳು.

ಅವಳ ಕಣ್ಣಿಗೆ ಏನೂ ಆಗಿಲ್ಲ. ನಿನ್ನೆ ನನ್ನ ಪಕ್ಕದಲ್ಲಿ ಕೂತು ಅವಳೂ ಆ ಪುಟವನ್ನು ಓದುತ್ತಿದ್ದಳು. ಎರಡು ಸಲ ಕೇಳಿದಳು. ಎರಡು ಸಲವೂ ನಾನು ಹಾಲಿನಜ್ಜಿ ಎಂದೆ.

ಬ್ರೆಡ್ಡನ್ನು ಹೊಸ್ತಿಲ ಮೇಲಿಟ್ಟು ಬಂದೆ. ಮಧ್ಯಾಹ್ನ ನೋಡಿದಾಗಲೂ ಅಲ್ಲೇ ಇತ್ತು.